ಎಡಕ್ಕೊಂದು ಬಲಕ್ಕೊಂದು ಹಕ್ಕಿ

ದ್ವೀಪ
ಫೆಬ್ರವರಿ 4

ಅಪ್ಪಾ,

ನಾನು ಪರೀಕ್ಷೆಯಲ್ಲಿ ಫೇಲಾಗಲಿಲ್ಲ. ಪರೀಕ್ಷೆಯನ್ನೇ ಬರೆಯಲಿಲ್ಲ.

ಎರಡು ವರ್ಷದಿಂದ ಬಚ್ಚಿಟ್ಟುಕೊಂಡಿದ್ದ ಮಾತು ಇದು. ಆ ಆರು ದಿನವೂ ಅಮ್ಮ ಕಟ್ಟಿಕೊಟ್ಟ ಊಟದ ಡಬ್ಬಿ ಹಿಡಿದು, ಹಾಲ್ ಟಿಕೆಟ್ ಜೇಬಿಗೆ ಹಾಕಿಕೊಂಡು ಹೊರಟೆ. ಶಾಲೆಯ ಗೇಟಿನವರೆಗೆ ಹೋದದ್ದು ನಿಜ. ಒಳಗೆ ಬೆಂಚುಗಳ ಸಾಲು ಕಂಡ ಕೂಡಲೇ ಕಾಲು ತಾನಾಗಿ ತಿರುಗುತ್ತಿತ್ತು. ಬಂದರಿನ ಕಲ್ಲುಕಟ್ಟೆಯ ಮೇಲೆ ಕೂತು ಡಬ್ಬಿ ಖಾಲಿ ಮಾಡಿ, ಸಂಜೆ ಮನೆಗೆ ಬಂದು "ಪೇಪರ್ ಕಷ್ಟ ಇತ್ತು" ಅಂದೆ. ಫಲಿತಾಂಶ ಬಂದಾಗ ನೀನು ಶಾಲೆಗೆ ಹೋಗಿ, ನನ್ನ ಮಗಳ ಪೇಪರ್ ಸರಿಯಾಗಿ ನೋಡಿಲ್ಲ, ಮತ್ತೆ ಮೌಲ್ಯಮಾಪನ ಮಾಡಿ ಅಂತ ಕೂಗಾಡಿ ಬಂದೆ. ಬರೆಯದೇ ಇರುವ ಪೇಪರಿಗೆ! ಅವತ್ತೇ ಹೇಳಬೇಕಿತ್ತು. ನಿನ್ನ ಮುಖ ನೋಡಿ ಬಾಯಿ ಬರಲಿಲ್ಲ. "ಬಂದರಿನ ಕಡೆ ಕೆಲಸ ಸಿಕ್ಕಿದೆ" ಅಂತ ಮನೆ ಬಿಟ್ಟೆ.

ಕೆಲಸ ಏನು ಅಂತಲೂ ಹೇಳಿರಲಿಲ್ಲ. ಮೊದಲ ವರ್ಷ ಇಲಿ ಹಿಡಿದೆ.

ನಗಬೇಡ. ದಡದಿಂದ ದೋಣಿಯಲ್ಲಿ ಒಂದೂವರೆ ಗಂಟೆ ದೂರದಲ್ಲಿ, ಹಳೆಯ ದೀಪಸ್ತಂಭವೊಂದನ್ನು ಬಿಟ್ಟರೆ ಬೇರೇನೂ ಇಲ್ಲದ ಬಂಡೆ ದ್ವೀಪ ಇದು. ಹಿಂದೆ ಇಲ್ಲಿ ಸಾವಿರಾರು ಕಡಲ ಹಕ್ಕಿಗಳು ಮೊಟ್ಟೆ ಇಡುತ್ತಿದ್ದವು. ಬಿಳಿ ಮೈ, ತಲೆಗೆ ಕರಿ ಟೋಪಿ. ಪುಸ್ತಕದಲ್ಲಿ ಅದಕ್ಕೆ ಉದ್ದದ ಹೆಸರಿದೆ, ನಾವು ಕರಿಟೋಪಿ ಅನ್ನುತ್ತೇವೆ. ಯಾವುದೋ ಹಡಗಿನಿಂದ ಇಲಿಗಳು ಇಳಿದವು, ಮೊಟ್ಟೆ ತಿಂದವು, ಹಕ್ಕಿಗಳು ದ್ವೀಪ ಬಿಟ್ಟವು. ಇದಾಗಿ ಇಪ್ಪತ್ತು ವರ್ಷ. ಇಲ್ಲಿನ ಹಿರಿಯರು ಡಾಕ್ಟರಮ್ಮ. ಹಕ್ಕಿ ಓದಿ ಡಾಕ್ಟರಾದವರು, ಆದರೂ ಇಲ್ಲಿಗೆ ಸಾಮಾನು ತರುವ ನಮ್ಮ ದೋಣಿ ಮಾವ ಬಂದಾಗಲೆಲ್ಲ ಅವರಿಗೆ ಮಂಡಿ ತೋರಿಸುತ್ತಾನೆ. ಅವರು ಮೂರು ವರ್ಷ ಹಟ ಹಿಡಿದು ಕೊನೆಯ ಇಲಿಯವರೆಗೂ ಖಾಲಿ ಮಾಡಿಸಿದರು. ಕಲ್ಲುಕಟ್ಟೆಯ ಮೇಲೆ ಕೂತಿದ್ದ ನನ್ನನ್ನು "ಸುಮ್ನೆ ಕೂತಿದ್ದೀಯಲ್ಲ, ಈ ಬೋನು ಎತ್ತಿಕೊಡು" ಅಂತ ಕರೆದದ್ದೂ ಅವರೇ.

ಈಗ ಇಲಿ ಇಲ್ಲ, ಹಕ್ಕಿಯೂ ಇಲ್ಲ. ತನ್ನ ಜಾತಿಯ ಬೇರೆ ಹಕ್ಕಿಗಳು ಕೂತ ಕಡೆಯೇ ಈ ಹಕ್ಕಿ ಗೂಡು ಮಾಡುವುದು. ಖಾಲಿ ಜಾಗಕ್ಕೆ ಮೊದಲು ಇಳಿಯುವ ಧೈರ್ಯ ಯಾವುದಕ್ಕೂ ಇಲ್ಲ. ಅದಕ್ಕೇ ಸುಳ್ಳು ಹಕ್ಕಿಗಳನ್ನಿಟ್ಟು ಕರೆಯಬೇಕು. ಬೇರೆ ದೇಶಗಳ ದ್ವೀಪಗಳಲ್ಲಿ ಹೀಗೆ ಮಾಡಿ ಗೆದ್ದಿದ್ದಾರಂತೆ. ಕಳೆದ ವರ್ಷ ಪ್ಲಾಸ್ಟಿಕ್ಕಿನವು ತರಿಸಿದೆವು. ಬಿಸಿಲಿಗೆ ಒಂದೇ ತಿಂಗಳಲ್ಲಿ ಹಳದಿಯಾಗಿ ಬಾತುಕೋಳಿಗಳಂತೆ ಕಂಡವು. ಹಕ್ಕಿಗಳು ಮೇಲಿಂದ ಒಂದು ಸುತ್ತು ನೋಡಿ ಹೋದವು.

ಈ ವರ್ಷ ಕೊನೆಯ ಅವಕಾಶ. ಇಪ್ಪತ್ತೈದು ಜೋಡಿ ಗೂಡು ಮಾಡಿದರೆ ಇನ್ನೈದು ವರ್ಷ ಇಲ್ಲಿಗೆ ಬೇರೆ ದೋಣಿ ಬರುವಂತಿಲ್ಲ. ಇಲ್ಲವಾದರೆ ಬಂದರು ಕಚೇರಿ ಇದನ್ನು ವಿಹಾರದ ದೋಣಿಗಳಿಗೆ ಬಿಟ್ಟುಕೊಡುತ್ತದೆ.

ಅಪ್ಪಾ, ನಲವತ್ತು ಮರದ ಹಕ್ಕಿ ಕೆತ್ತಿಕೊಡುತ್ತೀಯಾ? ನಿನ್ನ ಕೈಯಷ್ಟು ನುಣುಪು ಯಾರಿಗೂ ಬರುವುದಿಲ್ಲ. ಸುಳ್ಳನ್ನು ಮಧ್ಯೆ ಇಟ್ಟುಕೊಂಡು ಇದನ್ನು ಕೇಳಲು ಮನಸ್ಸು ಒಪ್ಪಲಿಲ್ಲ. ಅದಕ್ಕೇ ಮೊದಲು ಅದನ್ನು ಹೇಳಿದೆ.

ನಿನ್ನ
ಬುಗುರಿ

---

ಮನೆ
ಫೆಬ್ರವರಿ 19

ಬುಗುರಿ,

ಪರೀಕ್ಷೆಯ ವಿಷಯ ಆಮೇಲೆ ಮಾತಾಡೋಣ.

ನೀನು ಕಳಿಸಿದ ಫೋಟೋ ಇಟ್ಟುಕೊಂಡು ನಾನೇನು ಮಾಡಲಿ? ಮೂವತ್ತೆರಡು ವರ್ಷದಿಂದ ಬೂಟು ಹೊಲಿಯುವವರಿಗೆ ಮರದಲ್ಲಿ ಕಾಲಿನ ಅಚ್ಚು ಕೆತ್ತುತ್ತಿದ್ದೇನೆ. ಕಾಲಿನ ಫೋಟೋ ನೋಡಿ ಯಾರಾದರೂ ಅಚ್ಚು ಕೆತ್ತಿದ್ದು ಕೇಳಿದ್ದೀಯಾ? ಎದೆಯ ಸುತ್ತಳತೆ ಎಷ್ಟು, ಕತ್ತಿನದು ಎಷ್ಟು, ಬಾಲ ಎಷ್ಟುದ್ದ, ಕಣ್ಣಿಂದ ಕಣ್ಣಿಗೆ ಎಷ್ಟು ದೂರ, ಕೂತಾಗ ಹೊಟ್ಟೆ ಎಷ್ಟು ಚಪ್ಪಟೆಯಾಗುತ್ತದೆ, ಎಲ್ಲ ಬರೆದು ಕಳಿಸು. ಟೇಪು ಎಳೆದು ಬಿಗಿಯಬೇಡ, ಸುಮ್ಮನೆ ಸುತ್ತು.

ಈಗ ಎಲ್ಲರೂ ಪ್ಲಾಸ್ಟಿಕ್ ಅಚ್ಚಿಗೆ ಹೋಗಿದ್ದಾರೆ. ಅಂಗಡಿಯಲ್ಲಿ ಒಳ್ಳೆಯ ಮರ ಸುಮ್ಮನೆ ಬಿದ್ದಿದೆ. ಅಷ್ಟಕ್ಕೇ ಒಪ್ಪಿಕೊಂಡೆ ಅಂದುಕೋ.

ನಿನ್ನಮ್ಮ ನಿನ್ನ ಜೊತೆ ಮಾತಾಡುವುದಿಲ್ಲ ಅಂತ ನಿನಗೆ ಹೇಳಲು ಹೇಳಿದ್ದಾಳೆ. ಬಣ್ಣ ಎಂಥದು ಬೇಕು, ಎಣ್ಣೆಯದೋ ನೀರಿನದೋ ಅಂತಲೂ ಕೇಳಲು ಹೇಳಿದ್ದಾಳೆ.

ಅಪ್ಪ

---

ಮನೆ
ಮಾರ್ಚ್ 30

ಬುಗುರಿ,

ನೀನು ಕಳಿಸಿದ ಅಳತೆಗಳು ಸರಿಯಾಗಿದ್ದವು. ಪೆಟ್ಟಿಗೆಯಲ್ಲಿಟ್ಟಿದ್ದ, ಯಾವತ್ತೋ ಸತ್ತ ಹಕ್ಕಿಯನ್ನು ಅಳೆದೆ ಅಂತ ಬರೆದಿದ್ದೆ. ಸತ್ತದ್ದರ ಕತ್ತು ಕುಗ್ಗಿರುತ್ತದೆ, ಅದಕ್ಕೇ ನಾನು ಅರ್ಧ ಇಂಚು ಜಾಸ್ತಿ ಬಿಟ್ಟೆ.

ನಲವತ್ತು ಹಕ್ಕಿಗಳನ್ನು ಇವತ್ತು ಬಸ್ಸಿಗೆ ಹಾಕಿದೆ. ನುಣುಪಾಗಲು ಉಪ್ಪುಕಾಗದ ಮೂರು ಸಲ ಉಜ್ಜಿದ್ದೇನೆ. ಬಣ್ಣ ನಿನ್ನಮ್ಮನದು. ವಾಹನಗಳ ನಂಬರ್ ಪ್ಲೇಟ್ ಬರೆಯುವ ಕೈ ಅಲ್ಲವೇ, ಟೋಪಿಯ ಅಂಚು ಕೂದಲಷ್ಟೂ ಸೊಟ್ಟಗಿಲ್ಲ. ಅಭ್ಯಾಸ ಬಿಡಲಾಗದೆ ಒಂದೊಂದರ ಹೊಟ್ಟೆಯಡಿ ಒಂದರಿಂದ ನಲವತ್ತರವರೆಗೆ ನಂಬರನ್ನೂ ಬರೆದಿದ್ದಾಳೆ.

ಅಪ್ಪ

ಪೆಟ್ಟಿಗೆಯ ಒಳಗೆ ಸಣ್ಣ ಕುಂಚ ಒಂದು ಇದೆ. ಕೊಕ್ಕಿನ ಬಣ್ಣ ಹೋದರೆ ತುದಿಯಿಂದ ಹಿಂದಕ್ಕೆ ಹಚ್ಚು, ಹಿಂದಿನಿಂದ ತುದಿಗಲ್ಲ. ಇದು ಮಾತಾಡಿದ ಹಾಗಲ್ಲ. — ಅಮ್ಮ

---

ದ್ವೀಪ
ಏಪ್ರಿಲ್ 8

ಅಪ್ಪಾ, ಅಮ್ಮಾ,

ಪೆಟ್ಟಿಗೆ ತಲುಪಿತು. ಅದರ ಜೊತೆ ನನಗೆ ಬೈಗುಳವೂ ಸಿಕ್ಕಿತು. ಸುತ್ತ ಒಣಹುಲ್ಲು ತುಂಬಿದ್ದೀಯಲ್ಲ ಅಪ್ಪಾ! ಇಲ್ಲಿಗೆ ಬರುವ ಪ್ರತಿ ಪೆಟ್ಟಿಗೆಯನ್ನೂ ಕಿಟಕಿಯಿಲ್ಲದ ಕೋಣೆಯೊಳಗೆ ಬಾಗಿಲು ಹಾಕಿಕೊಂಡು ಬಿಚ್ಚಬೇಕು. ಒಂದು ಇಲಿಮರಿ, ಒಂದು ಕಳೆಬೀಜ ಬಂದರೂ ಮೂರು ವರ್ಷದ ಕೆಲಸ ಹೋಯಿತು. ಹುಲ್ಲನ್ನೆಲ್ಲ ಒಂದೆಳೆ ಬಿಡದೆ ಆರಿಸಿ ಸುಟ್ಟೆವು. ಡಾಕ್ಟರಮ್ಮ ಕೇಳಿದರು, "ನಿಮ್ಮಪ್ಪ ಹಕ್ಕಿ ಕಳಿಸಿದ್ದಾರೋ ಹಸುವಿಗೆ ಮೇವು ಕಳಿಸಿದ್ದಾರೋ?"

ಹಕ್ಕಿ ತೆಗೆದು ಸಾಲಾಗಿ ಇಟ್ಟಾಗ ಅವರ ನಗು ನಿಂತಿತು. ಒಂದನ್ನು ಕೈಗೆತ್ತಿಕೊಂಡರು, ಇನ್ನೊಂದನ್ನು ಎತ್ತಿಕೊಂಡರು. "ಇದು ಬಲಕ್ಕೆ ನೋಡ್ತಿದೆ, ಇದು ಎಡಕ್ಕೆ ನೋಡ್ತಿದೆ. ನಲವತ್ತೂ ಒಂದೇ ಥರ ಬೇಕು ಅಂದಿದ್ದೆನಲ್ಲ?"

ನಾನು ನೋಡಿದೆ. ಒಂದು ಎರಡು, ಮೂರು ನಾಲ್ಕು... ಎಲ್ಲವೂ ಜೋಡಿ. ಕತ್ತಿನ ತಿರುವು, ಬಾಲದ ವಾಲು ಎಲ್ಲ ಕನ್ನಡಿ ಹಿಡಿದ ಹಾಗೆ. ನನಗೆ ನಗು ತಡೆಯಲಾಗಲಿಲ್ಲ. "ಮೇಡಂ, ನಮ್ಮಪ್ಪ ಜೀವಮಾನದಲ್ಲಿ ಒಂದೇ ಕಾಲಿಗೆ ಅಚ್ಚು ಕೆತ್ತಿದವರಲ್ಲ. ಎಡ ಮಾಡಿದರೆ ಬಲವೂ ಆಗಲೇಬೇಕು."

ಅಪ್ಪಾ, ಹಕ್ಕಿಗೆ ಎಡಗಾಲು ಬಲಗಾಲಿನ ಬೂಟು ಹೊಲಿಯುವುದಿಲ್ಲ ಅಂತ ನಿನಗೆ ಹೊಳೆಯಲೇ ಇಲ್ಲವೇ?

ಡಾಕ್ಟರಮ್ಮ ಎರಡನ್ನೂ ಕೆಳಗಿಟ್ಟು, "ಇರಲಿ, ಹಾಗೇ ಇಡು. ಎದುರುಬದುರು ಇಡು" ಅಂದರು. ಇಪ್ಪತ್ತು ಜೋಡಿಯನ್ನೂ ಬಂಡೆಯ ಮೇಲಿಟ್ಟು, ಯಾವ ನಂಬರು ಎಲ್ಲಿ ಅಂತ ನಕ್ಷೆ ಬರೆದುಕೊಂಡೆ. ಅವುಗಳ ಮಧ್ಯೆ ಹಕ್ಕಿ ಕೂಗುವ ಸ್ಪೀಕರ್ ಇಟ್ಟಿದ್ದೇವೆ. ಬೆಳಗಿನಿಂದ ಸಂಜೆಯವರೆಗೆ ಅದೇ ಕಿಚಿಪಿಚಿ. ಸಂತೆಯಲ್ಲಿ ಮಲಗಿದ ಹಾಗಿದೆ.

ಒಂದೇ ಒಂದು ಕಿರಿಕಿರಿ. ಇಷ್ಟು ವರ್ಷದ ಸುಳ್ಳು ಕಕ್ಕಿ ಹಗುರಾದೆ ಅಂದುಕೊಂಡರೆ, ಈಗ ಆಕಾಶದಲ್ಲಿ ಹೋಗುವವರಿಗೆಲ್ಲ ಸುಳ್ಳು ಹೇಳುವುದೇ ನನ್ನ ಕೆಲಸವಾಗಿದೆ.

ಬುಗುರಿ

---

ದ್ವೀಪ
ಏಪ್ರಿಲ್ 27

ಬಂದವು! ಬಂದವು ಅಪ್ಪಾ!

ಬೆಳಿಗ್ಗೆ ಹಲ್ಲುಜ್ಜುತ್ತಿದ್ದೆ. ಮೇಲಿಂದ ಎರಡು ಇಳಿದವು. ನಿನ್ನ ಒಂಬತ್ತು ಹತ್ತರ ಪಕ್ಕದಲ್ಲಿ ಕೂತು, ಕತ್ತು ಅತ್ತ ಇತ್ತ ಮಾಡಿ, ಒಂದು ಎಡಕ್ಕೆ ತಿರುಗಿತು, ಇನ್ನೊಂದು ಬಲಕ್ಕೆ. ನೀನು ಕೆತ್ತಿದ ಹಾಗೇ. ಜೊತೆಗಾರರು ಹಾಗೇ ನಿಲ್ಲುತ್ತಾರಂತೆ. ಡಾಕ್ಟರಮ್ಮ ಟೀ ಲೋಟ ಹಿಡಿದುಕೊಂಡೇ ಕೂತುಬಿಟ್ಟರು, ನೆಲದ ಮೇಲೆ. "ಹದಿನೈದು ವರ್ಷ ಓದಿದೀನಿ. ಇದು ನನ್ನ ತಲೆಗೆ ಹೊಳೀಲಿಲ್ಲ" ಅಂದರು. ಸಂಜೆಗೆ ಹನ್ನೊಂದು ಹಕ್ಕಿ.

ದೋಣಿ ಮಾವ ಹೊರಟಿದ್ದಾನೆ, ಇಷ್ಟೇ.

ಬುಗುರಿ

---

ಮನೆ
ಮೇ 6

ಬುಗುರಿ,

ಕಾಗದವನ್ನು ನಿನ್ನಮ್ಮ ಮೂರು ಸಲ ಓದಿದಳು. ಬೀದಿಯಲ್ಲಿ ಯಾರು ಸಿಕ್ಕರೂ "ನಮ್ಮ ಹಕ್ಕಿ ನೋಡಿ ನಿಜವಾದ ಹಕ್ಕಿ ಬಂತಂತೆ" ಅನ್ನುತ್ತಿದ್ದಾಳೆ. ಕೇಳಿದವರು ಅರ್ಥವಾಗದೆ ತಲೆ ಆಡಿಸಿ ಹೋಗುತ್ತಾರೆ.

ಸುಳ್ಳಿನ ಬಗ್ಗೆ ಬರೆದಿದ್ದೆ. ನನಗೆ ಗೊತ್ತಿರುವುದು ಇಷ್ಟು. ಅಚ್ಚು ಕಾಲಲ್ಲ. ಅದು ಕಾಲು ಅಂತ ನಾನು ಯಾರಿಗೂ ಹೇಳಿಲ್ಲ. ಆದರೆ ಅದರ ಮೇಲೆ ಹೊಲಿದ ಬೂಟು ನಿಜವಾದ ಕಾಲಿಗೆ ಆಗುತ್ತದೆ. ಬೂಟು ಆದ ಮೇಲೆ ಅಚ್ಚನ್ನು ಹೊರಗೆ ತೆಗೆಯಬೇಕು. ತೆಗೆಯದೆ ಬಿಟ್ಟರೆ ಆಗ ಅದು ಮೋಸ.

ಅಪ್ಪ

---

ದ್ವೀಪ
ಜೂನ್ 11

ಅಪ್ಪಾ, ಅಮ್ಮಾ,

ಇಪ್ಪತ್ತಾರು! ದೀಪಸ್ತಂಭದ ಮೇಲಿಂದ ದುರ್ಬೀನಿನಲ್ಲಿ ಮೂರು ಸಲ ಎಣಿಸಿದೆ. ಮೊಟ್ಟೆ ಇಟ್ಟ ಮೇಲೆ ಹಕ್ಕಿಗಳ ಮಧ್ಯೆ ನಡೆಯುವಂತಿಲ್ಲ, ಮೇಲಿಂದಲೇ ನೋಡಬೇಕು. ನಕ್ಷೆ ನೋಡಿಕೊಂಡು ಮರದವನ್ನು ಬಿಟ್ಟು ಎಣಿಸಿದ್ದೇನೆ. ಬೇಕಿದ್ದದ್ದು ಇಪ್ಪತ್ತೈದು ಜೋಡಿ, ಇರುವುದು ಇಪ್ಪತ್ತಾರು. ನನ್ನ ಕೈಬರಹದ ವರದಿ ಬಂದರು ಕಚೇರಿಗೆ ಹೋಯಿತು. ಎಂಟನೇ ತರಗತಿಯ ಮೇಷ್ಟ್ರು ನನ್ನ ಅಕ್ಷರ ನೋಡಿ ಇರುವೆ ಸಾಲು ಅಂದಿದ್ದರು. ಆ ಇರುವೆಗಳು ಈಗ ಸರ್ಕಾರಿ ಫೈಲಿನಲ್ಲಿ ಹರಿದಾಡುತ್ತಿವೆ.

ಇದರಲ್ಲಿ ಒಂದು ಜೋಡಿ ನನಗೆ ಬಲು ಇಷ್ಟ. ಅಂಚಿನ ಬಂಡೆಯ ಮೇಲೆ ಅವಳು ಕದಲುವುದೇ ಇಲ್ಲ. ಅವನು ದಿನಕ್ಕೆ ಮೂರು ಸಲ ಮೀನು ತಂದು ಮುಂದಿಟ್ಟು, ತಲೆ ಬಾಗಿಸಿ ನಿಲ್ಲುತ್ತಾನೆ. ಇಂಥ ಗಂಡ ಎಲ್ಲಿ ಸಿಗಬೇಕು!

ಬುಗುರಿ

---

ದ್ವೀಪ
ಜೂನ್ 24

ಅಪ್ಪಾ,

ಇಪ್ಪತ್ತಾರಲ್ಲ. ಇಪ್ಪತ್ತನಾಲ್ಕು.

ನಿನ್ನೆ ಮಧ್ಯಾಹ್ನ ಮಳೆ ಬಂತು. ನಿಂತ ಮೇಲೆ ಎಲ್ಲ ಹಕ್ಕಿಗಳೂ ಒಟ್ಟಿಗೆ ಮೈ ಒದರಿದವು. ನೀರು ಚಿಮ್ಮಿ ಬಂಡೆಯೆಲ್ಲ ಮಿಂಚಿತು. ನಿಜವಾದವು ಅಂತ ನಾನು ಎಣಿಸಿದ್ದವುಗಳಲ್ಲಿ ಮೂರು ಮಾತ್ರ ಒದರಲಿಲ್ಲ. ನಕ್ಷೆಯ ಪ್ರಕಾರ ಆ ಜಾಗಗಳಲ್ಲಿ ಮರದ ಹಕ್ಕಿ ಇರಲೇಬಾರದು.

ಸಾಮಾನು ತಂದ ದೋಣಿ ಮಾವನನ್ನು ಕೇಳಿದೆ. "ಓ, ಅದಾ? ಮೇ ತಿಂಗಳ ಗಾಳೀಲಿ ಒಂದು ನಾಕು ಬಿದ್ದಿದ್ವು. ಒಂದು ಸಮುದ್ರಕ್ಕೆ ಹೋಯ್ತು. ಉಳಿದವನ್ನ ನಾನೇ ಎತ್ತಿ ನಿಲ್ಲಿಸಿದೆ. ನೀನು ದೀಪಸ್ತಂಭದ ಗೋಡೆ ಕಡೆ ಮುಖ ಮಾಡಿಸಿದ್ದೆ, ಪಾಪ. ಸಮುದ್ರ ಕಾಣೋ ಹಾಗೆ ಬೇರೆ ಕಡೆ ಇಟ್ಟೆ."

"ಹೇಳಬಾರದಾ ಮಾವ?"

"ಒಳ್ಳೇ ಕೆಲಸ ಮಾಡಿ ಹೇಳಿಕೊಂಡು ತಿರುಗ್ತಾರೇನಮ್ಮ?"

ಜಾಗ ಬದಲಾಗಿದ್ದ ನಿನ್ನ ಐದು ಆರನ್ನು ನಿಜವಾದ ಒಂದು ಜೋಡಿ ಅಂತ ಎಣಿಸಿದ್ದೆ. ಇನ್ನೊಂದು ಜೋಡಿ ಅಂದರೆ ಅದೇ, ನನಗೆ ಇಷ್ಟವಾದದ್ದು. ಅವನು ನಿಜ. ಅವಳು, ಕತ್ತಿನ ತಿರುವು ನೋಡಿದರೆ, ನಿನ್ನ ಹದಿನೇಳು. ದುರ್ಬೀನು ಸರಿಯಾಗಿ ತಿರುಗಿಸಿ ನೋಡಿದರೆ ಅವಳ ಮುಂದೆ ತಿನ್ನದ ಮೀನು ಒಣಗಿ ರಾಶಿ ಬಿದ್ದಿದೆ. ಹದಿನೆಂಟು ಸಮುದ್ರದ ಪಾಲಾದ ಮೇಲೆ ಒಂಟಿಯಾದ ಅವಳ ಪಕ್ಕಕ್ಕೆ ಇವನು ಬಂದು ನಿಂತಿದ್ದಾನೆ.

ಡಾಕ್ಟರಮ್ಮನಿಗೆ ಹೇಳಿದೆ. ಅವರು ನನ್ನ ನಕ್ಷೆಯನ್ನು ಮಡಿಸಿ ಕೈಗೆ ಕೊಟ್ಟರು. "ವರದಿ ನಿನ್ನದು. ನಿನಗೆ ಸರಿ ಕಂಡದ್ದು ಮಾಡು" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ತಪ್ಪು ಒಪ್ಪಿ ಬರೆದ ಕಾಗದ ಇದೇ ದೋಣಿಯಲ್ಲಿ ಕಚೇರಿಗೆ ಹೋಗುತ್ತಿದೆ. ಇಪ್ಪತ್ತಾರು ಅಂತಲೇ ಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ನನಗೆ ಗೊತ್ತಿರುತ್ತಿತ್ತು. ಎರಡು ವರ್ಷ ಒಂದನ್ನು ಹೊತ್ತು ತಿರುಗಿದ್ದೇನೆ, ಇನ್ನೊಂದನ್ನು ಹೊರುವ ಶಕ್ತಿ ಇಲ್ಲ. ಈಗ ಕೆಳಗೆ ಆ ನಲವತ್ತೆಂಟು ಹಕ್ಕಿಗಳು ಸರದಿಯಲ್ಲಿ ಮೊಟ್ಟೆ ಮೇಲೆ ಕೂರುವುದು ನೋಡಿದರೆ, ಇವುಗಳನ್ನು ನಾನೇ ಮನೆಯಿಂದ ಹೊರಗೆ ಹಾಕಿದೆನೇನೋ ಅನ್ನಿಸುತ್ತಿದೆ. ನಿಮ್ಮಿಬ್ಬರ ಕೆಲಸವನ್ನೂ ಹಾಳು ಮಾಡಿದೆನೇ?

ಬುಗುರಿ

---

ಮನೆ
ಜುಲೈ 3

ಬುಗುರಿ,

ಪರೀಕ್ಷೆಯ ವಿಷಯ ಆಮೇಲೆ ಅಂದಿದ್ದೆನಲ್ಲ, ಈಗ ಹೇಳುತ್ತೇನೆ. ನನಗೆ ಗೊತ್ತಿತ್ತು.

ಶಾಲೆಗೆ ಗಲಾಟೆ ಮಾಡಲು ಹೋದೆನಲ್ಲ, ಅವತ್ತೇ ಗುಮಾಸ್ತರು ಹಾಜರಿ ಪುಸ್ತಕ ತೆಗೆದು ತೋರಿಸಿದರು. ಆರು ದಿನವೂ ನಿನ್ನ ಹೆಸರಿನ ಮುಂದೆ ಗೈರು. ಅಷ್ಟು ಹೊತ್ತಿಗೆ ನಾನು ಸಾಕಷ್ಟು ಕೂಗಿ ಆಗಿತ್ತು. ಇದ್ದಕ್ಕಿದ್ದಂತೆ ಬಾಯಿ ಮುಚ್ಚಿದರೆ ಮರ್ಯಾದೆ ಹೋಗುತ್ತದೆ ಅಂತ, ಮೆಟ್ಟಿಲು ಇಳಿಯುವವರೆಗೂ ಕೂಗಿಕೊಂಡೇ ಬಂದೆ. ಮನೆಗೆ ಬಂದು ಕೇಳಬೇಕು ಅಂದುಕೊಂಡೆ. ನೀನಾಗಿಯೇ ಹೇಳುತ್ತೀಯ ಅಂತ ಕಾದೆ. ಕಾಯುತ್ತ ಕಾಯುತ್ತ ನೀನು ಹೊರಟುಹೋದೆ. ನೀನು ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಯಾರ ತಪ್ಪು ದೊಡ್ಡದು ಅಂತ ಅಳೆಯುವ ಟೇಪು ನನ್ನಲ್ಲಿಲ್ಲ.

ಫೆಬ್ರವರಿಯಲ್ಲಿ ನಿನ್ನ ಕಾಗದದ ಮೊದಲ ಸಾಲು ಓದಿ, ಇನ್ನು ಏನು ಕೇಳಿದರೂ ಮಾಡಿಕೊಡೋಣ ಅಂತ, ಹಕ್ಕಿಯ ವಿಷಯಕ್ಕೆ ಬರುವ ಮೊದಲೇ ಉಳಿಗೆ ಸಾಣೆ ಹಿಡಿಯಲು ಎದ್ದಿದ್ದೆ.

ಕೆಲಸ ಹಾಳಾಗಿಲ್ಲ. ಇಪ್ಪತ್ತನಾಲ್ಕು ಅಂದರೆ ಸೊನ್ನೆ ಅಲ್ಲ.

ಅಪ್ಪ

ನಾನೇ ನೇರವಾಗಿ ಬರೆಯುತ್ತಿದ್ದೇನೆ. ಹದಿನೇಳಕ್ಕೆ ಟೋಪಿ ಬರೆಯುವಾಗಲೇ ಇವಳು ಲಕ್ಷಣವಾಗಿದ್ದಾಳೆ ಅಂತ ನಿಮ್ಮಪ್ಪನಿಗೆ ಹೇಳಿದ್ದೆ. ಅವರು ಕೆತ್ತಿದ ಮಗಳು, ನಾನು ಅಲಂಕಾರ ಮಾಡಿದ ಮಗಳು. ಅಂದ ಮೇಲೆ ಆ ಹುಡುಗ ನಮಗೆ ಅಳಿಯನಾದ. ಅಳಿಯ ಚೆನ್ನಾಗಿದ್ದಾನಾ? ಮೀನು ಹಿಡಿದು ಹಿಡಿದು ಸೊರಗಿಲ್ಲ ತಾನೆ? — ಅಮ್ಮ

---

ದ್ವೀಪ
ಜುಲೈ 25

ಅಪ್ಪಾ, ಅಮ್ಮಾ,

ನಿಮ್ಮ ಕಾಗದ ಓದಿ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ಆ ಮೆಟ್ಟಿಲಿನ ಮೇಲೆ ಕೂಗುತ್ತ ಇಳಿಯುವ ನೀನು ಕಣ್ಣಿಗೆ ಕಟ್ಟಿದ ಹಾಗಾಯಿತು. ಎಷ್ಟು ಸಲ ನಕ್ಕೆ ಅಂದರೆ ಡಾಕ್ಟರಮ್ಮ ಬಂದು ಜ್ವರ ಇದೆಯಾ ಅಂತ ಹಣೆ ಮುಟ್ಟಿ ನೋಡಿದರು.

ಬಂದರು ಕಚೇರಿಯ ಸಾಹೇಬರು ಮೊನ್ನೆ ಖುದ್ದಾಗಿ ಬಂದಿದ್ದರು. ಇಳಿಯುವಾಗಲೇ ಕುಂಟುತ್ತಿದ್ದರು. ಮುಖ ಹುಳ್ಳಗೆ. ದೀಪಸ್ತಂಭ ಹತ್ತಿ, ದುರ್ಬೀನು ಕಿತ್ತುಕೊಂಡು ತಾವೇ ಎಣಿಸಿದರು. ಆಗಲೇ ಮರಿಗಳು ಆಚೀಚೆ ಓಡಾಡುತ್ತಿದ್ದವು, ಬೂದಿ ಬಣ್ಣದ ಹತ್ತಿಯುಂಡೆಗಳು. "ಇಪ್ಪತ್ತನಾಲ್ಕು" ಅಂದರು. ಆಮೇಲೆ, "ಆ ಅಂಚಿನಲ್ಲಿ ಒಬ್ಬ ಮೀನು ಹಿಡಿದು ನಿಂತಿದ್ದಾನಲ್ಲ, ಅವನದು ನೀನು ಎಣಿಸಿಲ್ವಲ್ಲ?"

"ಅವನು ನಮ್ಮ ಮನೆ ಅಳಿಯ ಸಾರ್. ಹುಡುಗಿ ಮರದ್ದು."

ಸಾಹೇಬರು ನನ್ನ ಮುಖ ನೋಡಿದರು. ಮತ್ತೆ ದುರ್ಬೀನಿಗೆ ಕಣ್ಣಿಟ್ಟರು. ಅರ್ಧ ಗಂಟೆ ತೆಗೆಯಲಿಲ್ಲ. ಅಳಿಯ ಮೀನಿಟ್ಟ, ತಲೆ ಬಾಗಿಸಿದ, ಕಾದ, ಹಾರಿದ, ಮತ್ತೆ ತಂದ. "ಇವನಿಗೆ ಬೇಜಾರೇ ಆಗಲ್ವಾ?" ಅಂತ ಸಾಹೇಬರೇ ಬೇಜಾರು ಮಾಡಿಕೊಂಡರು.

ಕೆಳಗಿಳಿದು ಬೂಟು ಬಿಚ್ಚಿ ಕೂತರು. ಕೇಳಬಾರದಿತ್ತೇನೋ, ಬಾಯಿ ಬಿಟ್ಟೆ. "ಸಾರ್, ಕಿರುಬೆರಳ ಹತ್ತಿರ ಒತ್ತುತ್ತಾ? ಅಚ್ಚು ಸರಿ ಇಲ್ಲ."

"ನಿನಗೆ ಹೇಗೆ ಗೊತ್ತು?"

"ನಮ್ಮಪ್ಪ ಅಚ್ಚು ಕೆತ್ತೋರು. ಈ ಹಕ್ಕಿಗಳೂ ಅವರವೇ."

ಆಗ ಮೊದಲ ಸಲ ನಕ್ಕರು. "ನಿನ್ನ ಎರಡನೇ ಕಾಗದ ಬರದೇ ಇದ್ದಿದ್ರೆ ಕಚೇರೀಲೇ ಕೂತು ಇಪ್ಪತ್ತಾರಕ್ಕೆ ಸಹಿ ಹಾಕ್ತಿದ್ದೆ. ಐದು ವರ್ಷ ಸಿಕ್ತಿತ್ತು. ಈಗ ಐದು ವರ್ಷ ಕೊಡೋಕಾಗಲ್ಲ. ನಿಯಮ ನಿಯಮವೇ." ಡಾಕ್ಟರಮ್ಮ ನನ್ನ ಕೈ ಹಿಡಿದುಕೊಂಡರು. ಸಾಹೇಬರು ಮಾತು ಮುಂದುವರಿಸಿದರು, "ಆದ್ರೆ ಅಧಿಕಾರಿ ತಾನೇ ಬಂದು ನೋಡಿದ್ರೆ, ತೀರ್ಮಾನವನ್ನ ಒಂದು ವರ್ಷ ಮುಂದಕ್ಕೆ ಹಾಕೋ ಅಧಿಕಾರ ಇದೆ. ನಾನು ನೋಡಿದೀನಿ. ಬರೀತೀನಿ. ಮುಂದಿನ ವರ್ಷ ನಾನೇ ಬಂದು ಎಣಿಸ್ತೀನಿ. ನಿಮ್ಮ ಅಳಿಯನಿಗೂ ಒಂದು ದಾರಿ ಮಾಡಿ."

ಐದು ಹೋಗಿ ಒಂದಾಯಿತು. ಆದರೆ ಈ ಒಂದು ವರ್ಷ ಯಾರಿಗೂ ಹೆದರಬೇಕಿಲ್ಲ. ಡಾಕ್ಟರಮ್ಮ ಸಂಜೆ ಎಲ್ಲರಿಗೂ ಎರಡೆರಡು ಮೊಟ್ಟೆ ಬೇಯಿಸಿದರು. ಕೋಳಿ ಮೊಟ್ಟೆ, ಗಾಬರಿಯಾಗಬೇಡಿ.

ಬುಗುರಿ

---

ದ್ವೀಪ
ಸೆಪ್ಟೆಂಬರ್ 2

ಅಪ್ಪಾ, ಅಮ್ಮಾ,

ಮರಿಗಳು ಬಲಿತ ಮೇಲೆ ಅಂಚಿನ ಬಂಡೆಗೆ ತೆವಳಿಕೊಂಡು ಹೋಗಿ ಹದಿನೇಳನ್ನು ಎತ್ತಿಕೊಂಡು ಬಂದದ್ದು ಹಿಂದೆಯೇ ಬರೆಯಬೇಕಿತ್ತು. ಅಚ್ಚು ತೆಗೆಯದೆ ಬಿಟ್ಟರೆ ಮೋಸ ಅಂತ ನೀನು ಬರೆದಿದ್ದೆಯಲ್ಲ, ಆ ಮಾತು ಬಿಡದೆ ಕೊರೆಯುತ್ತಿತ್ತು. ಮೊದಲ ದಿನ ಅಳಿಯ ಖಾಲಿ ಜಾಗದ ಮುಂದೆ ಮೀನು ಹಿಡಿದು ನಿಂತೇ ಇದ್ದ. ನಾನು ಊಟ ಮಾಡಲಿಲ್ಲ. ಎರಡನೇ ದಿನವೂ ನಿಂತ. ಮೂರನೇ ದಿನ ಸುತ್ತ ನೋಡಿದ, ಮೀನನ್ನು ತಾನೇ ನುಂಗಿದ. ನಾನೂ ಹೋಗಿ ಎರಡು ತಟ್ಟೆ ಊಟ ಮಾಡಿದೆ. ಆಮೇಲೆ ಅವನು ಉಳಿದವರ ಜೊತೆ ಸೇರಿದ. ಒಂದು ಹೆಣ್ಣಿನ ಹಿಂದೆ ಹಾರುತ್ತಿದ್ದ ಅಂತ ದೋಣಿ ಮಾವ ಹೇಳುತ್ತಾನೆ. ನಾನು ಕಣ್ಣಾರೆ ನೋಡಿಲ್ಲ, ಆದ್ದರಿಂದ ಹೌದು ಅನ್ನುವುದಿಲ್ಲ.

ಮರಿಗಳು ಮೂವತ್ತೊಂದು. ಇದನ್ನು ಐದು ಸಲ ಎಣಿಸಿದೆ, ಒಂದೊಂದೂ ಕದಲುವುದನ್ನು ನೋಡಿ ಎಣಿಸಿದೆ. ಎಲ್ಲವೂ ಹಾರಿದವು. ಕಳೆದ ವಾರ ಒಂದು ಬೆಳಿಗ್ಗೆ ಎದ್ದರೆ ದ್ವೀಪ ಖಾಲಿ. ಯಾವ ಸಮುದ್ರ ದಾಟುತ್ತಿವೆಯೋ. ಬಂಡೆಯ ಮೇಲೆ ನಿಮ್ಮ ಮೂವತ್ತೆಂಟು ಮಾತ್ರ ಎಡಕ್ಕೂ ಬಲಕ್ಕೂ ನೋಡುತ್ತ ಕೂತಿದ್ದವು. ಸ್ಪೀಕರ್ ಆರಿಸಿದೆ. ಇಷ್ಟು ನಿಶ್ಶಬ್ದ ಯಾವತ್ತೂ ಕೇಳಿರಲಿಲ್ಲ.

ಮುಂದಿನ ವರ್ಷಕ್ಕೆ ಇನ್ನೂ ನಲವತ್ತು ಬೇಕು. ಈ ಸಲ ಕೆತ್ತುವುದು ನೀನೊಬ್ಬನೇ ಅಲ್ಲ ಅಪ್ಪಾ. ಡಾಕ್ಟರಮ್ಮ ನನಗೆ ಐದು ತಿಂಗಳು ರಜೆ ಕೊಟ್ಟಿದ್ದಾರೆ, ಕಲಿತು ಬಾ ಅಂತ. ಒಂದು ಕಡೆ ಕೂರುವುದು ನನ್ನಿಂದ ಆಗುವುದಿಲ್ಲ ಅಂತ ನಿನಗೆ ಗೊತ್ತು. ನಿಂತು ಕೆತ್ತಲು ಬರುತ್ತದಾ? ಬರದಿದ್ದರೆ ಬೈಯಿ, ಆದರೆ ಮೆಟ್ಟಿಲಿಳಿಯುತ್ತ ಬೈಯಬೇಡ. ಸಾಹೇಬರ ಪಾದದ ಅಳತೆ ಬರೆದುಕೊಂಡಿದ್ದೇನೆ. ಟೇಪು ಬಿಗಿದಿಲ್ಲ.

ಅಮ್ಮಾ, ಹದಿನೇಳರ ಕೊಕ್ಕಿನ ಬಣ್ಣ ಎಲ್ಲ ಹೋಗಿದೆ. ಮೀನು ತಗುಲಿ ತಗುಲಿ ಸವೆದಿದೆ. ನಾನು ಹಚ್ಚಲು ಹೋಗಲಿಲ್ಲ, ಅದು ನಿನ್ನ ಕೆಲಸ. ಟವೆಲಿನಲ್ಲಿ ಸುತ್ತಿ ಚೀಲದಲ್ಲಿಟ್ಟಿದ್ದೇನೆ. ಒಣಹುಲ್ಲು ಹಾಕಿಲ್ಲ.

ಈ ಕಾಗದ ನನಗಿಂತ ಮೊದಲು ತಲುಪುತ್ತದೋ ಇಲ್ಲವೋ ಗೊತ್ತಿಲ್ಲ. ನಾಳೆ ಬೆಳಿಗ್ಗೆ ಏಳರ ದೋಣಿಗೆ ಹೊರಡುತ್ತೇನೆ.

ನಿಮ್ಮ
ಬುಗುರಿ